ಪೈಪು–ಪ್ಲೇಟಿನ ನಡುವೆ ವೆಲ್ಡ್ ಬೀಡ್ ಮಾಡೆಲ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲೇಟಿನ ಮೇಲೆ ಪೈಪು ನಿಲ್ಲಿಸಿ ಸುತ್ತ ಒಂದು ವೆಲ್ಡ್ ಹೊಡೆಯುವುದು ಕೈ ಪಳಗಿದ ವೆಲ್ಡರ್‌ಗೆ ಕೆಲವೇ ನಿಮಿಷದ ಕೆಲಸ. ಹಾಗೆ ಕರಗಿ ಗಟ್ಟಿಯಾದ ಲೋಹದ ಪಟ್ಟಿಯೇ ಬೀಡ್. ಅದನ್ನೇ ಕ್ಯಾಡ್‌ನಲ್ಲಿ (ಕಂಪ್ಯೂಟರ್ ವಿನ್ಯಾಸದ ಸಾಫ್ಟ್‌ವೇರ್) ತೋರಿಸಲು ಹೋಗಿ ಅರ್ಧ ದಿನ ಕಳೆದವರು ತುಂಬ ಜನ. ನಾನೂ ಅವರಲ್ಲಿ ಒಬ್ಬ. ಈ ಪುಟದಲ್ಲಿ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: 2 ಇಂಚಿನ ಶೆಡ್ಯೂಲ್ 40 ಪೈಪು, 10 ಮಿ.ಮೀ. ದಪ್ಪದ ಪ್ಲೇಟು, 6 ಮಿ.ಮೀ. ಲೆಗ್ (ಬೀಡಿನ ಒಂದು ಬದಿಯ ಉದ್ದ) ಇರುವ ಫಿಲೆಟ್ ವೆಲ್ಡ್, ಅಂದರೆ ಮೂಲೆ ತುಂಬುವ ವೆಲ್ಡ್.

2 ಇಂಚು ಅಂದರೆ 50.8 ಮಿ.ಮೀ. ಅಲ್ವಾ? ಪೈಪಿನ ಸ್ಕೆಚ್‌ಗೆ ಅದನ್ನೇ ಹಾಕಲಾ?

ಬೇಡ. 2 ಇಂಚು ಅನ್ನುವುದು ಪೈಪಿನ ಹೆಸರು ಮಾತ್ರ, ಅಳತೆ ಅಲ್ಲ. ಇದರ ಹೊರ ವ್ಯಾಸ 60.3 ಮಿ.ಮೀ., ಶೆಡ್ಯೂಲ್ 40ರಲ್ಲಿ ಗೋಡೆಯ ದಪ್ಪ 3.91 ಮಿ.ಮೀ. ಬೀಡ್ ಕೂರುವುದು ಹೊರ ವ್ಯಾಸದ ಮೇಲೆ. ಅಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಬೀಡನ್ನು ಮಾಡೆಲ್ ಮಾಡಲೇಬೇಕಾ?

ಹೆಚ್ಚಿನ ಸಲ ಬೇಡ. ವೆಲ್ಡರ್ ನಿಮ್ಮ 3ಡಿ ಮಾಡೆಲ್ ನೋಡಿಕೊಂಡು ವೆಲ್ಡ್ ಮಾಡುವುದಿಲ್ಲ. ಡ್ರಾಯಿಂಗ್‌ನಲ್ಲಿರುವ ಚಿಹ್ನೆ ನೋಡಿ ಮಾಡುತ್ತಾರೆ. ಚಿಹ್ನೆ ಸರಿಯಾಗಿದ್ದರೆ ಬೀಡ್ ಇಲ್ಲದ ಮಾಡೆಲ್‌ನಿಂದಲೂ ಕೆಲಸ ಸರಾಗವಾಗಿ ನಡೆಯುತ್ತದೆ. ಚಿಹ್ನೆ ತಪ್ಪಿದ್ದರೆ ಎಷ್ಟು ಅಂದದ ಬೀಡ್ ಇದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಹಾಗಾಗಿ ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಬೀಡನ್ನು ಯಾರು ಬಳಸುತ್ತಾರೆ? ಪಕ್ಕದಲ್ಲಿ ಬೋಲ್ಟೋ ಬ್ರಾಕೆಟ್ಟೋ ಬಂದು ಕೂರಬೇಕು, ತೂಕ ನಿಖರವಾಗಿ ಬೇಕು, ಸಿಮ್ಯುಲೇಷನ್ ಮಾಡಬೇಕು, ವೆಲ್ಡ್ ಆದ ಮೇಲೆ ಅದೇ ಜಾಗವನ್ನು ಮೆಷಿನಿಂಗ್ ಮಾಡಬೇಕು, ಅಥವಾ ಚೆಂದದ ಚಿತ್ರ ಬೇಕು. ಇವುಗಳಲ್ಲಿ ಒಂದಾದರೂ ಇದ್ದರೆ ಘನ ಬೀಡ್ ಮಾಡಿ. ಇಲ್ಲದಿದ್ದರೆ ಸುಮ್ನೆ ಫೈಲ್ ಭಾರ.

ಬೀಡ್ ಬಿಟ್ಟು ನಾನು ಎಡವಿದ್ದು ಬೋಲ್ಟಿನ ವಿಷಯದಲ್ಲಿ. ಇದೇ 60.3ರ ಪೈಪು. ಸುತ್ತ ನಾಲ್ಕು ಎಂ12 ಬೋಲ್ಟು, 90 ಮಿ.ಮೀ. ಪಿಸಿಡಿ (ಬೋಲ್ಟುಗಳ ಕೇಂದ್ರ ಕೂರುವ ವೃತ್ತದ ವ್ಯಾಸ). ಪೈಪಿನ ಅಕ್ಷದಿಂದ ಅಳೆದರೆ ಬೋಲ್ಟಿನ ಕೇಂದ್ರ 45ರಲ್ಲಿ. ಎಂ12 ವಾಷರಿನ ಹೊರ ವ್ಯಾಸ 24, ಅಂದರೆ ವಾಷರಿನ ಒಳ ಅಂಚು 33ರಲ್ಲಿ. ಪೈಪಿನ ಮೇಲ್ಮೈ 30.15ರಲ್ಲಿ. ಮಧ್ಯೆ 2.85 ಮಿ.ಮೀ. ಸಂದು ಇದೆ ಅಂತ ಮಾಡೆಲ್ ಹೇಳಿತು, ನಾನು ನಂಬಿದೆ. ವೆಲ್ಡ್ ಆದ ಮೇಲೆ ಬೀಡಿನ ಅಂಚು 36.15ಕ್ಕೆ ಬಂತು. ವಾಷರ್ ಬೀಡಿನ ಮೇಲೆ ಹತ್ತಿ ಓರೆಯಾಗಿ ಕೂತಿತು. ನಾಲ್ಕೂ ಕಡೆ ಗ್ರೈಂಡರ್ ಹಿಡಿದು ಬೀಡ್ ತರಿಯಬೇಕಾಯಿತು. ಹಾಗೆ ತರಿಯುವುದು ವೆಲ್ಡಿನ ಬಲವನ್ನೇ ತರಿದ ಹಾಗೆ. ಪಿಸಿಡಿ 100 ಇಟ್ಟಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಒಂದು ತ್ರಿಕೋನ ರಿವಾಲ್ವ್ ಮಾಡಿದ್ದರೆ (ಅಕ್ಷದ ಸುತ್ತ ತಿರುಗಿಸಿ ಬೀಡ್ ಮಾಡಿದ್ದರೆ), ಭಾಗಗಳು ಒಂದಕ್ಕೊಂದು ನುಗ್ಗಿವೆಯಾ ಅಂತ ನೋಡುವ ಕ್ಯಾಡ್‌ನ ಇಂಟರ್‌ಫಿಯರೆನ್ಸ್ ಚೆಕ್ ಆವತ್ತೇ ಕೆಂಪು ತೋರಿಸುತ್ತಿತ್ತು.

ಲೆಗ್, ಥ್ರೋಟ್ ಅಂದರೆ ಏನು? ಮಾಡೆಲ್‌ನಲ್ಲಿ ಯಾವುದನ್ನು ಹಾಕಬೇಕು?

ಬೀಡನ್ನು ಅಡ್ಡ ಕತ್ತರಿಸಿ ನೋಡಿದರೆ ತ್ರಿಕೋನ ಕಾಣುತ್ತದೆ. ಪೈಪಿನ ಮೇಲೆ ಒಂದು ಬದಿ, ಪ್ಲೇಟಿನ ಮೇಲೆ ಇನ್ನೊಂದು ಬದಿ. ಇವೇ ಲೆಗ್‌ಗಳು. ಎರಡೂ ಸೇರುವ ಒಳ ಮೂಲೆ ರೂಟ್. ಬೀಡ್ ಮುಗಿಯುವ ಹೊರ ಅಂಚು ಟೋ. ರೂಟಿನಿಂದ ಬೀಡಿನ ಮುಖಕ್ಕೆ ಅತಿ ಹತ್ತಿರದ ದೂರ ಥ್ರೋಟ್. ಭಾರ ಹೊರುವುದು ಥ್ರೋಟ್. ಕಣ್ಣಿಗೆ ಕಾಣುವುದು, ಗೇಜ್ ಇಟ್ಟು ಸುಲಭವಾಗಿ ಅಳೆಯುವುದು ಲೆಗ್.

ಮೂಲೆ 90 ಡಿಗ್ರಿ ಇದ್ದು ಎರಡೂ ಲೆಗ್ ಸಮ ಇದ್ದರೆ ಥ್ರೋಟ್ ಅಂದರೆ ಲೆಗ್‌ನ 0.707 ಪಟ್ಟು. ನಮ್ಮ 6 ಮಿ.ಮೀ. ಲೆಗ್‌ಗೆ ಥ್ರೋಟ್ 4.24. ಪೈಪಿನ ಗೋಡೆ 3.91 ಇರುವುದರಿಂದ ಗೋಡೆಗಿಂತ ಥ್ರೋಟ್ ಚೂರು ದಪ್ಪ. ಹೊರಗಿನಿಂದ ಮಾತ್ರ ವೆಲ್ಡ್ ಮಾಡುವಾಗ 6ನ್ನು ಆರಿಸಿಕೊಂಡಿದ್ದು ಅದಕ್ಕೇ. ಸ್ಕೆಚ್‌ನಲ್ಲಿ ಲೆಗ್ ಹಾಕಿ, ಪಕ್ಕದಲ್ಲೇ ಥ್ರೋಟನ್ನು ರೆಫರೆನ್ಸ್ ಡೈಮೆನ್ಷನ್ ಆಗಿ ಇಟ್ಟುಕೊಳ್ಳಿ. ಆಗ ಕಣ್ಣು ತಪ್ಪುವುದಿಲ್ಲ.

ಪೈಪು ನೆಟ್ಟಗೆ ನಿಂತಿದೆ. ಎಲ್ಲಕ್ಕಿಂತ ಸುಲಭದ ದಾರಿ ಯಾವುದು?

ರಿವಾಲ್ವ್. ಇದಕ್ಕಿಂತ ಸುಲಭದ್ದು ಇಲ್ಲ.

ಪೈಪಿನ ಅಕ್ಷದ ಮೂಲಕ ಹಾದುಹೋಗುವ ಪ್ಲೇನ್ ಮೇಲೆ ಸ್ಕೆಚ್ ತೆರೆಯಿರಿ. ಪೈಪಿನ ಹೊರ ಗೆರೆ, ಪ್ಲೇಟಿನ ಮೇಲ್ಗೆರೆ ಎರಡನ್ನೂ ಪ್ರಾಜೆಕ್ಟ್ ಮಾಡಿ. ಅವು ಸೇರುವ ಮೂಲೆಯಲ್ಲಿ ಲಂಬಕೋನ ತ್ರಿಕೋನ ಎಳೆಯಿರಿ. ಎರಡು ಬದಿಗೂ ಈಕ್ವಲ್ ಕಟ್ಟು ಹಾಕಿ ಒಂದಕ್ಕೆ 6 ಅಂತ ಕೊಡಿ. ಪೈಪಿನ ಅಕ್ಷವನ್ನು ಹಿಡಿದು 360 ಡಿಗ್ರಿ ತಿರುಗಿಸಿ. ಮರ್ಜ್ ಅನ್ನುವ ಟಿಕ್ ತೆಗೆದುಬಿಡಿ, ಬೀಡ್ ಬೇರೆ ಬಾಡಿಯಾಗಿ (ಬೇರೆ ಘನ ತುಂಡಾಗಿ) ಉಳಿಯಲಿ. ಮುಗಿಯಿತು.

ತ್ರಿಕೋನಕ್ಕೆ ಅಳತೆಯನ್ನು ಪ್ರಾಜೆಕ್ಟ್ ಮಾಡಿದ ಗೆರೆಯಿಂದಲೇ ಕೊಡಿ, 30.15 ಅಂತ ಕೈಯಲ್ಲಿ ಟೈಪ್ ಮಾಡಬೇಡಿ. ನಾಳೆ ಪೈಪು ಬದಲಾದರೆ ಬೀಡ್ ತಾನಾಗಿ ಹಿಂಬಾಲಿಸುತ್ತದೆ.

ಫಿಲೆಟ್ ವೆಲ್ಡ್ ತಾನೇ? ಕ್ಯಾಡ್‌ನ ಫಿಲೆಟ್ ಟೂಲ್ ಬಳಸಿದರೆ ಆಗುವುದಿಲ್ಲವಾ?

ಹೆಸರು ಒಂದೇ ಆದ್ದರಿಂದ ಹುಟ್ಟಿದ ಎಡವಟ್ಟು ಇದು. ಕ್ಯಾಡ್‌ನ ಫಿಲೆಟ್ ಒಳ ಮೂಲೆಗೆ ತಗ್ಗಾದ ವೃತ್ತದ ಕಮಾನು ಕೊಡುತ್ತದೆ. 6 ಮಿ.ಮೀ. ರೇಡಿಯಸ್ ಕೊಟ್ಟರೆ ಲೆಗ್ 6 ಅಂತಲೇ ಕಾಣುತ್ತದೆ. ಆದರೆ ನಡುವೆ ಲೋಹ ಇಲ್ಲ. ಥ್ರೋಟ್ ರೇಡಿಯಸ್ಸಿನ 0.414 ಪಟ್ಟು ಮಾತ್ರ, ಅಂದರೆ ಬರೀ 2.5 ಮಿ.ಮೀ. ಬೇಕಿದ್ದದ್ದು 4.24. ಚಿತ್ರಕ್ಕೆ ಇದು ಚೆನ್ನಾಗಿ ಕಾಣುತ್ತದೆ, ಲೆಕ್ಕಕ್ಕೆ ಕೈಕೊಡುತ್ತದೆ. ಸಿಮ್ಯುಲೇಷನ್‌ನಲ್ಲಿ ಇನ್ನೂ ಅಪಾಯ. ಟೋ ಹತ್ತಿರ ನುಣ್ಣಗೆ ಸೇರಿಕೊಳ್ಳುವುದರಿಂದ ಒತ್ತಡ ಕಡಿಮೆ ತೋರಿಸಿ ನಿಮ್ಮನ್ನು ಖುಷಿಪಡಿಸುತ್ತದೆ.

ನಿಜವಾದ ಬೀಡ್ ಸಾಮಾನ್ಯವಾಗಿ ಚಪ್ಪಟೆ ಅಥವಾ ಸ್ವಲ್ಪ ಉಬ್ಬು. ಚಪ್ಪಟೆ ತ್ರಿಕೋನವೇ ಲೆಕ್ಕಕ್ಕೆ ಸುರಕ್ಷಿತ. ಉಬ್ಬು ಬೇಕೇ ಬೇಕು ಅಂದರೆ ತ್ರಿಕೋನದ ಓರೆ ಗೆರೆಯ ಬದಲು ಹೊರಕ್ಕೆ ಬಾಗಿದ ಆರ್ಕ್ ಹಾಕಿ. ಉಬ್ಬಿದ ಭಾಗವನ್ನು ಥ್ರೋಟ್ ಲೆಕ್ಕಕ್ಕೆ ಸೇರಿಸಬೇಡಿ.

ಹಾಗಾದರೆ ಚಾಂಫರ್?

ಚಾಂಫರ್, ಅಂದರೆ ಅಂಚಿಗೆ ಓರೆ ಮುಖ ಕೊಡುವ ಟೂಲ್, ಒಳ್ಳೆಯ ಉಪಾಯ, ನನಗೆ ತುಂಬ ಇಷ್ಟ. ಹೊರ ಅಂಚಿಗೆ ಚಾಂಫರ್ ಹಾಕಿದರೆ ಲೋಹ ಹೋಗುತ್ತದೆ, ಒಳ ಮೂಲೆಗೆ ಹಾಕಿದರೆ ಲೋಹ ಸೇರುತ್ತದೆ. ಇದು ತುಂಬ ಜನರಿಗೆ ಹೊಳೆಯುವುದೇ ಇಲ್ಲ. ಪೈಪು ಪ್ಲೇಟು ಎರಡನ್ನೂ ಒಂದೇ ಬಾಡಿ ಮಾಡಿ, ಸೇರುವ ಅಂಚಿಗೆ 6 ಮಿ.ಮೀ. ಸಮ ದೂರದ ಚಾಂಫರ್ ಕೊಡಿ. ಚಪ್ಪಟೆ ಮುಖದ ಬೀಡ್ ಸಿದ್ಧ.

ಬೀಡ್ ಬೇರೆ ಬಾಡಿಯಾಗಿ ಬೇಕಾದರೆ ಹೀಗೆ ಮಾಡಿ. ಪೈಪು ಮತ್ತು ಪ್ಲೇಟಿನ ಒಂದೊಂದು ನಕಲು ತೆಗೆದಿಡಿ. ನಕಲುಗಳನ್ನು ಸೇರಿಸಿ ಚಾಂಫರ್ ಹಾಕಿ. ಅದರಿಂದ ಮೂಲ ಪೈಪು, ಮೂಲ ಪ್ಲೇಟು ಕಳೆಯಿರಿ. ಕಳೆಯುವಾಗ ಮೂಲಗಳನ್ನು ಉಳಿಸಿಕೊಳ್ಳುವ ಆಯ್ಕೆ ಇಡುವುದು ಮರೆಯಬೇಡಿ. ಕೊನೆಗೆ ಉಳಿಯುವುದು ಬಳೆಯಂತಹ ಬೀಡ್ ಮಾತ್ರ. ನೆಟ್ಟಗಿನ ಪೈಪಿಗೆ ಇಷ್ಟೆಲ್ಲ ಬೇಡ, ರಿವಾಲ್ವ್ ಸಾಕು. ಪೈಪು ವಾಲಿದಾಗ, ಅಥವಾ ಚೌಕ ಟ್ಯೂಬ್ ಇದ್ದಾಗ ಇದರ ಬೆಲೆ ಗೊತ್ತಾಗುತ್ತದೆ.

ಪೈಪು ವಾಲಿದೆ. ತ್ರಿಕೋನವನ್ನು ಸ್ವೀಪ್ ಮಾಡಿದರೆ (ಮೂಲೆಯ ಗೆರೆಯುದ್ದಕ್ಕೂ ಎಳೆದರೆ) ಒಂದು ಕಡೆ ಸಂದು, ಇನ್ನೊಂದು ಕಡೆ ಪೈಪಿನೊಳಗೆ ನುಗ್ಗುತ್ತದೆ. ಏಕೆ?

ಅತಿ ಹೆಚ್ಚು ತಲೆ ತಿನ್ನುವ ಪ್ರಶ್ನೆ ಇದೇ. ಸ್ವಲ್ಪ ನಿಧಾನವಾಗಿ ನೋಡೋಣ.

ನೆಟ್ಟಗಿನ ಪೈಪಿನಲ್ಲಿ ಗೋಡೆಗೂ ಪ್ಲೇಟಿಗೂ ಸುತ್ತಲೂ 90 ಡಿಗ್ರಿ. ಪೈಪು ವಾಲಿದರೆ ಎರಡು ಬದಲಾವಣೆ ಆಗುತ್ತವೆ. ಒಂದು, ಪ್ಲೇಟಿನ ಮೇಲಿನ ಗುರುತು ವೃತ್ತ ಅಲ್ಲ, ದೀರ್ಘವೃತ್ತ. 45 ಡಿಗ್ರಿ ವಾಲಿದ 60.3ರ ಪೈಪಿಗೆ ಅದರ ಅಗಲ 60.3, ಉದ್ದ 85.3 ಮಿ.ಮೀ. ಎರಡು, ಮೂಲೆಯ ಕೋನ ಪ್ರತಿ ಜಾಗದಲ್ಲೂ ಬೇರೆ. ವಾಲಿದ ಕಡೆ, ಪೈಪಿನ ಕೆಳಗೆ, 45 ಡಿಗ್ರಿಯ ಇಕ್ಕಟ್ಟು. ಬೆನ್ನಿನ ಕಡೆ 135 ಡಿಗ್ರಿಯ ಅಗಲ. ಎರಡು ಪಕ್ಕಗಳಲ್ಲಿ ಮಾತ್ರ 90. ನೀವು ಸ್ವೀಪ್ ಮಾಡಿದ ತ್ರಿಕೋನ ಸುತ್ತಲೂ 90 ಡಿಗ್ರಿಯದ್ದೇ. ಅದು ಎಲ್ಲಿಂದ ಸರಿ ಕೂರಬೇಕು?

ಚಾಂಫರ್ ಉಪಾಯ ಇಲ್ಲಿ ಕೆಲಸ ಮಾಡುತ್ತದೆ, ಸಂದು ಬರುವುದಿಲ್ಲ. ಆದರೆ ಆ ಸಮ ದೂರವನ್ನು ಸಾಫ್ಟ್‌ವೇರ್ ಯಾವುದರಿಂದ ಅಳೆಯುತ್ತದೆ ಅನ್ನುವುದು ಮುಖ್ಯ. ಮುಖದ ಉದ್ದಕ್ಕೆ ಅಳೆದರೆ ಲೆಗ್ ಸುತ್ತಲೂ 6. ಆಗ ಥ್ರೋಟ್ ಅಂದರೆ ಲೆಗ್ ಗುಣಿಸು ಅರ್ಧ ಕೋನದ ಕೊಸೈನ್. ಬೆನ್ನಿನ ಕಡೆ ಅದು 2.3 ಮಿ.ಮೀ.ಗೆ ಇಳಿಯುತ್ತದೆ, ಕೆಳಗಿನ ಇಕ್ಕಟ್ಟಿನಲ್ಲಿ 5.5ಕ್ಕೆ ಏರುತ್ತದೆ. ಒಂದು ಮುಖವನ್ನು 6 ಮಿ.ಮೀ. ಆಫ್‌ಸೆಟ್ ಮಾಡಿ (ಸರಿಸಿ), ಅದು ಇನ್ನೊಂದು ಮುಖವನ್ನು ಕತ್ತರಿಸುವ ಜಾಗ ಹಿಡಿಯುವ ಸಾಫ್ಟ್‌ವೇರ್ ಆದರೆ ಬೆನ್ನಿನಲ್ಲಿ 3.2, ಇಕ್ಕಟ್ಟಿನಲ್ಲಿ 7.8. ಎರಡರಲ್ಲೂ ಬೆನ್ನು ಬಡಕಲು. ಮಾಡಿದ ಮೇಲೆ ಅಲ್ಲೊಂದು ಸೆಕ್ಷನ್ ಹಾಕಿ ಅಳೆದು ನೋಡಿ. ಎರಡು ನಿಮಿಷದ ಕೆಲಸ.

ಸುತ್ತಲೂ ಥ್ರೋಟ್ 4.24 ಇರಲೇಬೇಕು ಅಂದರೆ ಲಾಫ್ಟ್ (ಬೇರೆ ಬೇರೆ ಸೆಕ್ಷನ್‌ಗಳನ್ನು ಜೋಡಿಸಿ ಘನ ಮಾಡುವುದು) ಮಾಡಬೇಕು. ಬೆನ್ನಿನಲ್ಲಿ ಲೆಗ್ 11.1, ಪಕ್ಕದಲ್ಲಿ 6, ಇಕ್ಕಟ್ಟಿನಲ್ಲಿ 4.6. ಹೀಗೆ ಮೂರು ಜಾಗದಲ್ಲಿ ಮೂರು ತ್ರಿಕೋನ ಎಳೆದು, ರೂಟಿನ ದೀರ್ಘವೃತ್ತವನ್ನು ಗೈಡ್ ಕರ್ವ್ ಮಾಡಿಕೊಂಡು ಅರ್ಧ ಬೀಡ್ ಲಾಫ್ಟ್ ಮಾಡಿ. ಉಳಿದ ಅರ್ಧ ಮಿರರ್. ಪೂರ್ತಿ ಸುತ್ತನ್ನು ಒಂದೇ ಸಲ ಮಾಡಲು ಹೋದರೆ ಲಾಫ್ಟ್ ತಿರುಚಿಕೊಳ್ಳುತ್ತದೆ, ಆಮೇಲೆ ಅದನ್ನು ಸಮಾಧಾನ ಮಾಡುವುದರಲ್ಲೇ ಸಂಜೆಯಾಗುತ್ತದೆ. ಮೂರು ಸೆಕ್ಷನ್ನಿನ ನಡುವೆ ಲಾಫ್ಟ್ ಮುಖ ಪೈಪಿಗೆ ಪೂರ್ತಿ ಅಂಟುವುದಿಲ್ಲ. ಅದಕ್ಕೆ ತ್ರಿಕೋನದ ರೂಟನ್ನು ಪೈಪು ಮತ್ತು ಪ್ಲೇಟಿನೊಳಕ್ಕೆ ಒಂದೆರಡು ಮಿ.ಮೀ. ಇಳಿಸಿ, ಕೊನೆಗೆ ಎರಡನ್ನೂ ಕಳೆದುಬಿಡಿ.

ಇಷ್ಟು ಕಷ್ಟಪಡುವ ಮೊದಲು ಇನ್ನೊಂದು ವಿಷಯ. ಉಕ್ಕಿನ ರಚನೆಗಳಿಗೆ ಯುರೋಪಿನಲ್ಲಿರುವ ನಿಯಮ ಯುರೋಕೋಡ್ 3ರಲ್ಲಿ ಫಿಲೆಟ್ ವೆಲ್ಡನ್ನು ಮೂಲೆ 60ರಿಂದ 120 ಡಿಗ್ರಿ ಒಳಗಿದ್ದಾಗ ಬಳಸಬಹುದು ಅಂತ ಇದೆ. ಅಂದರೆ ಪೈಪು ಲಂಬದಿಂದ 30 ಡಿಗ್ರಿವರೆಗೆ ವಾಲಬಹುದು. 45 ಡಿಗ್ರಿಯ ಇಕ್ಕಟ್ಟಿನಲ್ಲಿ ರೂಟಿನವರೆಗೆ ಲೋಹ ಇಳಿಯುವುದೇ ಕಷ್ಟ, ವೆಲ್ಡಿಂಗ್ ಟಾರ್ಚ್ ಒಳಗೆ ಹೋಗುವುದಿಲ್ಲ. ಮಾಡೆಲ್‌ನಲ್ಲಿ ತುಂಬಿದ ತ್ರಿಕೋನ ಶಾಪ್‌ನಲ್ಲಿ ತುಂಬುವುದಿಲ್ಲ. ಆಗ ಮಾತಾಡಬೇಕಾದದ್ದು ಕ್ಯಾಡ್ ಬಗ್ಗೆ ಅಲ್ಲ, ಅಂಚನ್ನು ಬೆವೆಲ್ ಮಾಡಿ (ಓರೆಯಾಗಿ ಕತ್ತರಿಸಿ) ಆ ಜಾಗ ತುಂಬುವ ಗ್ರೂವ್ ವೆಲ್ಡ್ ಮಾಡುವ ಬಗ್ಗೆ.

ಪೈಪು ಪ್ಲೇಟಿನ ತೂತಿನೊಳಗೆ ಹಾದುಹೋಗುತ್ತದೆ. ಏನು ಬದಲಾಗುತ್ತದೆ?

ತೂತು ಪೈಪಿಗಿಂತ ದೊಡ್ಡದು ಇರಲೇಬೇಕು, ಇಲ್ಲದಿದ್ದರೆ ಪೈಪು ಒಳಗೆ ಹೋಗುವುದಿಲ್ಲ. ಆ ಸಂದನ್ನು ಮಾಡೆಲ್‌ನಲ್ಲೂ ಬಿಡಿ. ಪೈಪು 60.3, ತೂತು 61.5 ಅಂದರೆ ಸುತ್ತ 0.6 ಮಿ.ಮೀ. ಸಂದು. ಬೀಡಿನ ತ್ರಿಕೋನ ಪೈಪಿನ ಮೇಲ್ಮೈಯಿಂದ ಶುರುವಾಗಿ ಸಂದನ್ನು ದಾಟಿ ಪ್ಲೇಟಿನ ಮೇಲೆ ಕೂರಬೇಕು.

ಸಂದು ಜಾಸ್ತಿಯಾದರೆ ಅಷ್ಟು ಥ್ರೋಟ್ ಸಂದಿಗೇ ಖರ್ಚಾಗುತ್ತದೆ. ಅಮೆರಿಕದ ವೆಲ್ಡಿಂಗ್ ಸೊಸೈಟಿಯ (ಎಡಬ್ಲ್ಯೂಎಸ್) ಡಿ1.1 ನಿಯಮದ ಪ್ರಕಾರ ಸಂದು 1/16 ಇಂಚು ದಾಟಿದರೆ, ಸಂದು ಎಷ್ಟಿದೆಯೋ ಅಷ್ಟು ಲೆಗ್ ಹೆಚ್ಚಿಸಬೇಕು. ಪ್ಲೇಟಿನ ಎರಡೂ ಬದಿಯಲ್ಲಿ ವೆಲ್ಡ್ ಇದ್ದರೆ ಒಂದು ಬೀಡ್ ಮಾಡಿ ಪ್ಲೇಟಿನ ಮಧ್ಯದ ಪ್ಲೇನ್ ಹಿಡಿದು ಮಿರರ್ ಮಾಡಿ.

ಸಾಫ್ಟ್‌ವೇರ್‌ನಲ್ಲೇ ವೆಲ್ಡ್ ಟೂಲ್ ಇದೆಯಲ್ಲ, ಅದನ್ನೇ ಬಳಸಬಾರದಾ?

ಬಳಸಿ. ಆದರೆ ಅದು ಘನ ಬೀಡ್ ಕೊಡುತ್ತದೋ ಬರೀ ತೋರಿಕೆಯ ಬೀಡ್ ಕೊಡುತ್ತದೋ ತಿಳಿದು ಬಳಸಿ.

ಸಾಲಿಡ್‌ವರ್ಕ್ಸ್‌ನ ವೆಲ್ಡ್ ಬೀಡ್ ತೋರಿಕೆಯದ್ದು. ಎರಡು ಮುಖ ಅಥವಾ ಒಂದು ಅಂಚು ಆರಿಸಿದರೆ ಸಾಕು, ಹಗುರ, ಬೇಗ ಆಗುತ್ತದೆ, ಡ್ರಾಯಿಂಗ್‌ಗೆ ಚಿಹ್ನೆ ಮತ್ತು ವೆಲ್ಡ್ ಟೇಬಲ್ ಕೂಡ ತರಬಹುದು. ಆದರೆ ಅದು ಚಿತ್ರ ಮಾತ್ರ. ತೂಕಕ್ಕೆ ಸೇರುವುದಿಲ್ಲ. ಅದರ ಹಳೆಯ ಫಿಲೆಟ್ ಬೀಡ್ ಫೀಚರ್ ಘನ ಬಾಡಿ ಕೊಡುತ್ತದೆ.

ಇನ್ವೆಂಟರ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಅಸೆಂಬ್ಲಿಯನ್ನು ವೆಲ್ಡ್‌ಮೆಂಟ್ ಆಗಿ ಬದಲಾಯಿಸಬೇಕು. ಆಮೇಲೆ ತಯಾರಿ, ವೆಲ್ಡ್, ಮೆಷಿನಿಂಗ್ ಅಂತ ಮೂರು ಹಂತ ಸಿಗುತ್ತವೆ. ಶಾಪ್‌ನಲ್ಲಿ ಕೆಲಸ ಸಾಗುವ ಕ್ರಮವೇ ಇದು, ಹಾಗಾಗಿ ನನಗೆ ಇದು ಹಿಡಿಸುತ್ತದೆ. ಫಿಲೆಟ್ ವೆಲ್ಡ್ ಘನವಾಗಿ ಬರುತ್ತದೆ, ಕಾಸ್ಮೆಟಿಕ್ (ತೋರಿಕೆಯದ್ದು) ಕೂಡ ಇದೆ, ಬೀಡ್ ರಿಪೋರ್ಟ್ ತೆಗೆಯಬಹುದು. ಒಂದೇ ಎಚ್ಚರಿಕೆ: ಒಮ್ಮೆ ವೆಲ್ಡ್‌ಮೆಂಟ್ ಮಾಡಿದ ಅಸೆಂಬ್ಲಿಯನ್ನು ಮತ್ತೆ ಮಾಮೂಲಿ ಅಸೆಂಬ್ಲಿ ಮಾಡಲು ಬರುವುದಿಲ್ಲ. ನಕಲು ಇಟ್ಟುಕೊಳ್ಳಿ. ಸಾಲಿಡ್ ಎಡ್ಜ್‌ನಲ್ಲೂ ಫಿಲೆಟ್, ಗ್ರೂವ್, ಸ್ಟಿಚ್ ವೆಲ್ಡ್‌ಗೆ ಟೂಲ್‌ಗಳಿವೆ.

ಫ್ರೀಕ್ಯಾಡ್‌ನಲ್ಲಿ ರಿವಾಲ್ವ್ ಅಥವಾ ಚಾಂಫರ್ ದಾರಿಯೇ ನೆಚ್ಚಿಕೊಳ್ಳುವಂಥದ್ದು. ಬೀಡನ್ನು ಪೈಪಿನ ಬಾಡಿಯೊಳಗೆ ಮಾಡಿದರೆ ಅದರ ಜೊತೆ ಕಲಸಿಹೋಗುತ್ತದೆ. ಬೇರೆ ಬಾಡಿ ತೆರೆಯಿರಿ.

ಬೀಡ್ ಬೇರೆ ಬಾಡಿ ಇರಬೇಕಾ, ಸೇರಿಸಿಬಿಡಲಾ?

ಬೇರೆ ಇರಲಿ. ಬಣ್ಣ ಕೊಡಬಹುದು, ಬೇಕಾದಾಗ ಮರೆಮಾಡಬಹುದು, ತೂಕ ಬೇರೆ ನೋಡಬಹುದು. ಸೇರಿಸಿದರೆ ಪೈಪನ್ನು ಕತ್ತರಿಸುವವರಿಗೆ ಪೈಪಿನ ಡ್ರಾಯಿಂಗ್‌ನಲ್ಲೂ ಬೀಡ್ ಕಾಣುತ್ತದೆ, ಅದು ಬೇಡದ ಗೊಂದಲ. ಬಿಡಿ ಭಾಗಗಳ ಪಟ್ಟಿಯಲ್ಲಿ ಬೀಡ್ ಒಂದು ಐಟಂ ಆಗಿ ನುಸುಳದಂತೆ ನೋಡಿಕೊಳ್ಳಿ. 'ಬಾಡಿ 7, 1 ನಗ' ಅಂತ ಪಟ್ಟಿ ಹೋದರೆ ಸ್ಟೋರ್ಸ್‌ನವರು ಏನು ತಂದುಕೊಡಬೇಕು ಹೇಳಿ?

ತುಣುಕು ತುಣುಕಾಗಿ ವೆಲ್ಡ್ ಇದ್ದರೆ?

ರಿವಾಲ್ವ್ ಕೋನ ಕಡಿಮೆ ಮಾಡಿ, ಆಮೇಲೆ ಸರ್ಕ್ಯುಲರ್ ಪ್ಯಾಟರ್ನ್. ಪೈಪಿನ ಸುತ್ತಳತೆ 189.4 ಮಿ.ಮೀ. 30 ಮಿ.ಮೀ. ಉದ್ದದ ತುಣುಕಿಗೆ 57 ಡಿಗ್ರಿ. ಮೂರು ತುಣುಕು, 120 ಡಿಗ್ರಿಗೊಂದು.

ಚಿಹ್ನೆಯಲ್ಲಿ ಮಾತ್ರ ಜೋಪಾನ. ಅಮೆರಿಕದ ಪದ್ಧತಿಯಲ್ಲಿ ಉದ್ದದ ಜೊತೆ ಬರೆಯುವುದು ಒಂದು ತುಣುಕಿನ ಮಧ್ಯದಿಂದ ಮುಂದಿನದರ ಮಧ್ಯಕ್ಕೆ ಇರುವ ದೂರ, ಇಲ್ಲಿ 63. ಐಎಸ್ಒ ಪದ್ಧತಿಯಲ್ಲಿ ಕಂಸದೊಳಗೆ ಬರೆಯುವುದು ತುಣುಕುಗಳ ನಡುವಿನ ಖಾಲಿ ಜಾಗ, ಇಲ್ಲಿ 33. ಒಂದನ್ನು ಇನ್ನೊಂದು ಅಂತ ಓದಿದರೆ ಎಲ್ಲ ಅದಲುಬದಲು. ಪೈಪಿನೊಳಗೆ ನೀರೋ ಗಾಳಿಯೋ ಹರಿಯುವುದಾದರೆ, ಸೋರಿಕೆ ತಡೆಯಬೇಕಾದ್ದು ಈ ವೆಲ್ಡೇ ಆದರೆ, ತುಣುಕು ವೆಲ್ಡ್ ಮಾತೇ ಬೇಡ.

ಬೀಡಿನ ತೂಕ ಎಷ್ಟು? ಕೈಯಲ್ಲಿ ಲೆಕ್ಕ ಹಾಕಬಹುದಾ?

ಹಾಕಬಹುದು. ತ್ರಿಕೋನದ ವಿಸ್ತೀರ್ಣವನ್ನು ಅದರ ಗುರುತ್ವ ಕೇಂದ್ರ ಸುತ್ತುವ ದಾರಿಯ ಉದ್ದದಿಂದ ಗುಣಿಸಿ. 6 ಲೆಗ್‌ಗೆ ವಿಸ್ತೀರ್ಣ 18 ಚದರ ಮಿ.ಮೀ. ಗುರುತ್ವ ಕೇಂದ್ರ ಪೈಪಿನ ಮೇಲ್ಮೈಯಿಂದ ಲೆಗ್‌ನ ಮೂರನೇ ಒಂದು ಭಾಗ ಹೊರಗೆ, ಅಂದರೆ 32.15ರಲ್ಲಿ. ಅದರ ಸುತ್ತಳತೆ 202. ಗುಣಿಸಿದರೆ 3636 ಘನ ಮಿ.ಮೀ., ಉಕ್ಕಿನಲ್ಲಿ 28.5 ಗ್ರಾಂ. ನಿಮ್ಮ ಘನ ಬೀಡಿನ ಮಾಸ್ ಪ್ರಾಪರ್ಟೀಸ್ ಇದಕ್ಕೆ ತಾಳೆಯಾಗದಿದ್ದರೆ ಬೀಡ್ ಪೈಪಿನೊಳಗೆ ನುಗ್ಗಿದೆ, ಅಥವಾ ಮೆಟೀರಿಯಲ್ ಹಾಕಿಲ್ಲ.

ಒಂದು ಬೀಡ್ ಏನೂ ಅಲ್ಲ ಅನ್ನಿಸಬಹುದು. ಆದರೆ 'ಇರಲಿ ಬಿಡಿ' ಅಂತ 6ನ್ನು 8 ಮಾಡಿದರೆ ತೂಕ 51.8 ಗ್ರಾಂ, ಸುಮಾರು 1.8 ಪಟ್ಟು. ಬಲ ಹೆಚ್ಚುವುದು ಬರೀ 1.33 ಪಟ್ಟು. ಲೋಹ ಹೆಚ್ಚಿದಂತೆ ಶಾಖ ಹೆಚ್ಚು, ಪ್ಲೇಟು ಡೊಂಕಾಗುವುದೂ ಹೆಚ್ಚು.

ಸಿಮ್ಯುಲೇಷನ್‌ಗೆ ಬೀಡ್ ಹೇಗಿರಬೇಕು?

ಮೊದಲ ತಪ್ಪು ಬೀಡಿನಲ್ಲಿ ಅಲ್ಲ, ಪೈಪಿನ ತಳದಲ್ಲಿ. ಪೈಪಿನ ತಳ ಪ್ಲೇಟಿಗೆ ತಾಗಿಕೊಂಡಿದ್ದರೆ ಸಾಫ್ಟ್‌ವೇರ್ ತಾನಾಗಿ ಎರಡನ್ನೂ ಬಾಂಡೆಡ್ ಅಂತ ಅಂಟಿಸಿಬಿಡುವುದುಂಟು. ಆಗ ಭಾರ ಪೈಪಿನ ಗೋಡೆಯಿಂದ ನೇರ ಪ್ಲೇಟಿಗೆ ಇಳಿಯುತ್ತದೆ, ಬೀಡಿಗೆ ಕೆಲಸವೇ ಇಲ್ಲ. ನಿಜದಲ್ಲಿ ಅಲ್ಲಿ ಏನೂ ಅಂಟಿಲ್ಲ. ಅದಕ್ಕೆ ಪೈಪನ್ನು ಪ್ಲೇಟಿನಿಂದ 0.1 ಮಿ.ಮೀ. ಮೇಲೆತ್ತಿ, ಅಥವಾ ಆ ಮುಖಗಳಿಗೆ ಅಂಟದ ಕಾಂಟ್ಯಾಕ್ಟ್ ಕೊಡಿ. ಬೀಡ್–ಪೈಪು, ಬೀಡ್–ಪ್ಲೇಟು ಇವೆರಡು ಮಾತ್ರ ಬಾಂಡೆಡ್.

ಎರಡನೆಯದು ಟೋ ಹತ್ತಿರದ ಕೆಂಪು ಚುಕ್ಕೆ. ಅಲ್ಲಿ ಚೂಪು ಒಳ ಮೂಲೆ ಇದೆ. ಮೆಶ್ (ಲೆಕ್ಕಕ್ಕಾಗಿ ಮಾಡೆಲನ್ನು ಒಡೆದ ತುಣುಕುಗಳ ಜಾಲ) ಸಣ್ಣದು ಮಾಡಿದಷ್ಟೂ ಒತ್ತಡ ಏರುತ್ತಲೇ ಹೋಗುತ್ತದೆ, ನಿಲ್ಲುವುದೇ ಇಲ್ಲ. ಆ ಅಂಕಿಯನ್ನು ಓದಿ ಗಾಬರಿಯಾಗಬೇಡಿ, ಅದಕ್ಕೆ ಅರ್ಥ ಇಲ್ಲ. ಲೋಹದ ಆಯಾಸದ (ಮತ್ತೆ ಮತ್ತೆ ಭಾರ ಬಿದ್ದು ಬಿರುಕು ಬಿಡುವುದರ) ಲೆಕ್ಕ ಬೇಕಾದರೆ ಅಂತರರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆ ಐಐಡಬ್ಲ್ಯೂ ಹೇಳುವ ಹಾಟ್ ಸ್ಪಾಟ್ ವಿಧಾನ ಹಿಡಿಯಿರಿ. ಟೋನಿಂದ ದಪ್ಪದ 0.4 ಪಟ್ಟು ಮತ್ತು 1.0 ಪಟ್ಟು ದೂರದಲ್ಲಿ ಒತ್ತಡ ಓದಬೇಕು. ನಮ್ಮ ಪ್ಲೇಟಿಗೆ ಅದು 4 ಮತ್ತು 10 ಮಿ.ಮೀ. ಮೊದಲನೆಯದನ್ನು 1.67ರಿಂದ ಗುಣಿಸಿ, ಎರಡನೆಯದರ 0.67 ಪಟ್ಟನ್ನು ಕಳೆಯಿರಿ. ಇದು ಟೋನಲ್ಲಿ ಹುಟ್ಟುವ ಬಿರುಕಿಗೆ ಮಾತ್ರ. ರೂಟಿನ ಬಿರುಕನ್ನು ಇದು ಹಿಡಿಯುವುದಿಲ್ಲ.

ಯಾವ ಸಿಮ್ಯುಲೇಷನ್‌ಗೂ ಮೊದಲು ಕೈ ಲೆಕ್ಕ ಒಂದು ಇರಲಿ. 189.4 ಗುಣಿಸು 4.24, ಥ್ರೋಟಿನ ವಿಸ್ತೀರ್ಣ ಸುಮಾರು 803 ಚದರ ಮಿ.ಮೀ. ಪೈಪನ್ನು 20 ಕಿಲೋನ್ಯೂಟನ್ ಬಲದಿಂದ ನೇರ ಎಳೆದರೆ ಸರಾಸರಿ 25 ಮೆಗಾಪ್ಯಾಸ್ಕಲ್. ಬೀಡಿನ ನಡುಭಾಗದಲ್ಲಿ ಕಂಪ್ಯೂಟರ್ 250 ತೋರಿಸಿದರೆ ಎಲ್ಲೋ ಯೂನಿಟ್ ತಪ್ಪಿದೆ.

ರಿವಾಲ್ವ್, ಸ್ವೀಪ್ ಎರರ್ ಕೊಡುತ್ತಿದೆ. ಏನು ನೋಡಲಿ?

ಪೈಪು ನಿಜಕ್ಕೂ ನೆಟ್ಟಗಿದೆಯಾ ನೋಡಿ. 0.1 ಡಿಗ್ರಿ ಓರೆಯಾಗಿದ್ದರೂ ಬೀಡಿಗೂ ಪೈಪಿಗೂ ನಡುವೆ ಕೂದಲೆಳೆಯಂಥ ಸಂದು ಉಳಿದು ಬೂಲಿಯನ್ (ಘನಗಳನ್ನು ಸೇರಿಸುವ, ಕಳೆಯುವ ಕೆಲಸ) ಮುನಿಸಿಕೊಳ್ಳುತ್ತದೆ. ಮೇಟ್ (ಭಾಗಗಳನ್ನು ಒಂದಕ್ಕೊಂದು ಕಟ್ಟುವ ಸಂಬಂಧ) ಕೊಡದೆ ಮೌಸ್‌ನಲ್ಲಿ ಎಳೆದಿಟ್ಟ ಪೈಪುಗಳ ಹಣೆಬರಹವೇ ಇದು. ಅಕ್ಷವನ್ನು ಪ್ಲೇಟಿಗೆ ಲಂಬ ಅಂತ ಕಟ್ಟಿಹಾಕಿ.

ಸಾಲಿಡ್‌ವರ್ಕ್ಸ್ 'ಝೀರೋ ಥಿಕ್‌ನೆಸ್' ಅಂದರೆ ಎರಡು ಘನಗಳು ಬರೀ ಒಂದು ಗೆರೆಯಲ್ಲಿ ತಾಗುತ್ತಿವೆ ಅಂತ ಅರ್ಥ. ತ್ರಿಕೋನವನ್ನು ಅರ್ಧ ಮಿ.ಮೀ. ಒಳಕ್ಕೆ ತಳ್ಳಿ ಆಮೇಲೆ ಕಳೆಯುವ ಉಪಾಯ ಇಲ್ಲೂ ನಡೆಯುತ್ತದೆ. ಸ್ವೀಪ್ ತನ್ನನ್ನೇ ಕತ್ತರಿಸಿಕೊಳ್ಳುತ್ತಿದೆ ಅಂದರೆ ದಾರಿಯ ತಿರುವು ತ್ರಿಕೋನಕ್ಕಿಂತ ಚಿಕ್ಕದಿದೆ. ಚೌಕ ಟ್ಯೂಬಿನ ಮೂಲೆಯಲ್ಲಿ, ಅದರಲ್ಲೂ ಒಳಗಡೆಯ ಬೀಡಿನಲ್ಲಿ ಹೀಗಾಗುತ್ತದೆ.

ಡ್ರಾಯಿಂಗ್‌ನಲ್ಲಿ ಚಿಹ್ನೆ ಹೇಗೆ ಹಾಕಲಿ?

ಬಾಣ ಮೂಲೆಗೆ, ಗೆರೆಯ ಮೇಲೆ ತ್ರಿಕೋನ, ತ್ರಿಕೋನದ ಎಡಕ್ಕೆ ಅಳತೆ. ಸುತ್ತಲೂ ಅನ್ನಲು ಬಾಣ ಮತ್ತು ಗೆರೆ ಸೇರುವಲ್ಲಿ ಚಿಕ್ಕ ವೃತ್ತ. ಪೈಪಿನ ಸುತ್ತ ಹೋಗುವ ವೆಲ್ಡ್‌ಗೆ ಎಡಬ್ಲ್ಯೂಎಸ್ ಎ2.4 ಆ ವೃತ್ತ ಕಡ್ಡಾಯ ಅನ್ನುವುದಿಲ್ಲ, ಹಾಕಿದರೆ ನಷ್ಟವೂ ಇಲ್ಲ. ಸೈಟ್‌ನಲ್ಲಿ ಮಾಡುವ ವೆಲ್ಡ್ ಆದರೆ ಅಲ್ಲೇ ಒಂದು ಬಾವುಟ.

ಅಳತೆಯ ಮುಂದಿನ ಅಕ್ಷರ ಚಿಕ್ಕದು, ಆದರೆ ಅದೇ ಎಲ್ಲ. ಐಎಸ್ಒ 2553ರಲ್ಲಿ ಎ ಅಂದರೆ ಥ್ರೋಟ್, ಝಡ್ ಅಂದರೆ ಲೆಗ್. ಎಡಬ್ಲ್ಯೂಎಸ್‌ನಲ್ಲಿ ಅಕ್ಷರ ಇಲ್ಲ, ಬರೆದ ಅಂಕಿ ಲೆಗ್. ಎ6 ಅಂತ ಕೇಳಿದ್ದನ್ನು ಯಾರಾದರೂ 6 ಲೆಗ್ ಅಂತ ಓದಿದರೆ, ಬೇಕಿದ್ದದ್ದು 8.5 ಲೆಗ್, ಸಿಕ್ಕಿದ್ದು 6. ಹಾಕಿದ ಲೋಹ ಬೇಕಾದ್ದರ ಅರ್ಧ. ಯಾವ ಪದ್ಧತಿ ಅಂತ ಟೈಟಲ್ ಬ್ಲಾಕ್ ಹತ್ತಿರ ಬರೆದುಬಿಡಿ.

ಬೀಡಿನ ಮೇಲಿನ ಅಲೆ ಅಲೆ ಗುರುತು ತೋರಿಸಬಹುದಾ?

ರೆಂಡರ್‌ಗೆ ಬಂಪ್ ಮ್ಯಾಪ್ (ಉಬ್ಬುತಗ್ಗು ಇರುವಂತೆ ತೋರಿಸುವ ಚಿತ್ರ) ಹಾಕಿ. ಜ್ಯಾಮಿತಿಯಲ್ಲಿ ಮಾಡಬೇಡಿ. ಒಂದು ನಾಣ್ಯದಂಥ ಉಬ್ಬನ್ನು ಮಾಡಿ ಸುತ್ತ ನೂರು ಪ್ಯಾಟರ್ನ್ ಹೊಡೆಯುವವರನ್ನು ನೋಡಿದ್ದೇನೆ. ಚೆಂದ ಕಾಣುತ್ತದೆ, ಕಂಪ್ಯೂಟರ್ ಏದುಸಿರು ಬಿಡುತ್ತದೆ.

ಸ್ಟೆಪ್ ಫೈಲ್ ಕಳಿಸಿದಾಗ ಬೀಡ್ ಮಾಯವಾಯಿತು!

ಅದು ತೋರಿಕೆಯ ಬೀಡ್ ಆಗಿತ್ತು. ಬೇರೆ ಬೇರೆ ಕ್ಯಾಡ್ ಸಾಫ್ಟ್‌ವೇರ್‌ಗಳು ಓದಬಲ್ಲ ಸ್ಟೆಪ್ ಫೈಲ್‌ನಲ್ಲಿ ಹೋಗುವುದು ನಿಜವಾದ ಜ್ಯಾಮಿತಿ. ಪಕ್ಕದ ಭಾಗ ಮಾಡುವವರಿಗೆ ಬೀಡ್ ಕಾಣಬೇಕಾದರೆ ಆ ಜಾಗಗಳಲ್ಲಿ ಮಾತ್ರ ಘನ ಬೀಡ್ ಮಾಡಿ ಕಳಿಸಿ.

ವೆಲ್ಡ್ ಆದ ಮೇಲೆ ಪ್ಲೇಟು ಡೊಂಕಾಗುತ್ತದೆ. ಅದನ್ನೂ ಮಾಡೆಲ್‌ನಲ್ಲಿ ತೋರಿಸಲಾ?

ಡೊಂಕನ್ನು ತೋರಿಸಬೇಡಿ, ಅದಕ್ಕೆ ಲೋಹ ಬಿಟ್ಟುಕೊಳ್ಳಿ. ಪ್ಲೇಟಿನ ತಳ ಸಮವಾಗಿ ಬೇಕಾದರೆ 10ರ ಬದಲು 12 ಮಿ.ಮೀ. ಪ್ಲೇಟಿನಿಂದ ಶುರು ಮಾಡಿ. ಫೀಚರ್ ಟ್ರೀಯಲ್ಲಿ ಬೀಡ್ ಆದ ನಂತರ 2 ಮಿ.ಮೀ. ಕಟ್ ಹಾಕಿ, ಬೋಲ್ಟ್ ತೂತುಗಳನ್ನೂ ಅದರ ಕೆಳಗೇ ಇಡಿ. ವೆಲ್ಡ್‌ಗೆ ಮೊದಲು ಕೊರೆದ ತೂತು ವೆಲ್ಡ್ ಆದ ಮೇಲೆ ಇದ್ದಲ್ಲೇ ಇರುವುದಿಲ್ಲ. ಟ್ರೀ ನೋಡಿದವರಿಗೆ ಯಾವುದು ವೆಲ್ಡ್‌ಗೆ ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗಲು ಎರಡು ಫೋಲ್ಡರ್ ಮಾಡಿ ಹೆಸರು ಕೊಡಿ.